ಗೋಲಿನ ಹಿಂದೆ ಮೂವತ್ತಾರು ಮೀಟರು

ಟಿ.ವಿ.ಯಲ್ಲಿ ಬೆಂಗಳೂರು ಎಫ್.ಸಿ. ತಂಡದ ಪಂದ್ಯ ನಡೆದಿದೆ ಎಂದುಕೊಳ್ಳಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಮನೆಯೊಂದರಲ್ಲಿ ಏಳನೆಯ ಇಯತ್ತೆಯ ಹುಡುಗ ಕೇಳುತ್ತಾನೆ: “ಅಪ್ಪಾ, ಗೋಲಿನ ಹಿಂದ ಜನ ಅಷ್ಟ ದೂರ ಯಾಕ ಕುಂತಾರ? ಬ್ಯಾರೆ ದೇಶದ ಮ್ಯಾಚಿನ್ಯಾಗ ಹತ್ತಿರಾನ ಇರತಾರಲ್ಲ?” ಪ್ರಶ್ನೆ ಚಿಕ್ಕದು. ಆದರೆ ಉತ್ತರಕ್ಕೆ ಪೈಥಾಗೊರಸ್ ಪ್ರಮೇಯವೇ ಬೇಕು.

ಈ ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿ ಐ-ಲೀಗ್ ಗೆದ್ದಿತು. 2014ರಲ್ಲಿ ಕಬ್ಬನ್ ಪಾರ್ಕಿನ ಪಕ್ಕದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾದದ್ದು ಇದೇ ಅಂಗಳದಲ್ಲಿ. ಆದರೆ ಕಂಠೀರವ ಫುಟ್‌ಬಾಲಿಗೆಂದೇ ಕಟ್ಟಿದ್ದಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಈ ಕ್ರೀಡಾಂಗಣದಲ್ಲಿ ಹುಲ್ಲಿನ ಸುತ್ತ ಸಿಂಥೆಟಿಕ್ ಓಟದ ಹಾದಿಯಿದೆ. ಹುಡುಗನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅಂತರರಾಷ್ಟ್ರೀಯ ಮಾದರಿಯ 400 ಮೀ. ಟ್ರ್ಯಾಕಿನಲ್ಲಿ ತಲಾ 84.39 ಮೀ. ಉದ್ದದ ಎರಡು ನೇರ ಭಾಗಗಳೂ 36.5 ಮೀ. ತ್ರಿಜ್ಯದ ಎರಡು ಅರ್ಧವೃತ್ತಗಳೂ ಇರುತ್ತವೆ. ಓಟಗಾರ ಒಳ ಅಂಚಿನಿಂದ 30 ಸೆಂ.ಮೀ. ಹೊರಗೆ ಓಡುತ್ತಾನೆಂದು ಎಣಿಸಿದರೆ ಒಂದು ಸುತ್ತು ಸರಿಯಾಗಿ 400 ಮೀ. ಆಗುತ್ತದೆ, ಮಾಡಿ ನೋಡಿ.

ಇದರೊಳಗೆ 105 ಮೀ. ಉದ್ದ, 68 ಮೀ. ಅಗಲದ ಫುಟ್‌ಬಾಲ್ ಅಂಗಳ ಹಿಡಿಸಬೇಕು. ಅಗಲಕ್ಕೆ 73 ಮೀ. ಜಾಗವಿದೆ. ಉದ್ದ ಮಾತ್ರ ನೇರ ಭಾಗವನ್ನು ಮೀರಿ, ಎರಡೂ ತುದಿಯಲ್ಲಿ 10.3 ಮೀ.ನಷ್ಟು ಅರ್ಧವೃತ್ತದೊಳಗೆ ಚಾಚುತ್ತದೆ. ಅರ್ಧವೃತ್ತದ ಕೇಂದ್ರದಿಂದ ಮೂಲೆಯ ಬಾವುಟಕ್ಕೆ ಒಂದು ಗೆರೆ ಎಳೆಯಿರಿ. ಲಂಬಕೋನ ತ್ರಿಭುಜದ ಬಾಹುಗಳು 34 ಮತ್ತು 10.3, ವಿಕರ್ಣ ಸುಮಾರು 35.5 ಮೀ. ತ್ರಿಜ್ಯ 36.5 ಮೀ. ಬಾವುಟಕ್ಕೂ ಟ್ರ್ಯಾಕಿಗೂ ನಡುವೆ ಉಳಿದದ್ದು ಒಂದೇ ಮೀಟರು! ಕಾರ್ನರ್ ಕಿಕ್ ಹೊಡೆಯುವವ ಟ್ರ್ಯಾಕಿನ ಮೇಲಿಂದಲೇ ಓಡಿ ಬರಬೇಕಾದೀತು.

ಗೋಲಿನ ಹಿಂದೆ ಮಾತ್ರ ಜಾಗವೋ ಜಾಗ. ಗೋಲಿನ ಗೆರೆಯಿಂದ ಟ್ರ್ಯಾಕಿಗೆ 26 ಮೀ., ತಲಾ 1.22 ಮೀ. ಅಗಲದ ಎಂಟು ಓಟದ ಪಟ್ಟಿಗಳಿಗೆ ಸುಮಾರು 10 ಮೀ. ಒಟ್ಟು 36 ಮೀ. ಆದ ಮೇಲೆ ಪ್ರೇಕ್ಷಕರ ಮೊದಲ ಸಾಲು. ಅವರ ಕೂಗು ಗೋಲಿಯ ಕಿವಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು.

ಹಾಗಾದರೆ ಟ್ರ್ಯಾಕ್ ಕಿತ್ತುಹಾಕಬಹುದೆ? ಓಟ, ಜಿಗಿತ, ಎಸೆತ ಕಲಿಯುವ ಮಕ್ಕಳಿಗೆ ಅದೇ ಪಾಠಶಾಲೆ. ತೊಡಕು ಇರುವುದೂ ಇಲ್ಲೇ. ಜಾವೆಲಿನ್, ಡಿಸ್ಕಸ್ ಬಂದು ಬೀಳುವುದು ಇದೇ ಹುಲ್ಲಿನ ಮೇಲೆ. 7.26 ಕಿಲೋ ತೂಕದ ಹ್ಯಾಮರ್ ಬಿದ್ದಲ್ಲಿ ಗುಂಡಿ. ಗುಂಡಿಗೆ ತಾಗಿದ ಚೆಂಡು ಎತ್ತಲೋ ಪುಟಿಯುತ್ತದೆ. ಫುಟ್‌ಬಾಲಿಗಾಗಿ ಹುಲ್ಲು ಕಾಯ್ದರೆ ಎಸೆತಗಾರನಿಗೆ ಅಭ್ಯಾಸವಿಲ್ಲ. ಈ ಜಗಳ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಹುಲ್ಲು ಕಾಯುವುದು ಸುಲಭವೂ ಅಲ್ಲ. ತಿಮ್ಮಾಪುರದ ಸುತ್ತಲ ಎರೆಮಣ್ಣಿನ ಕಣಗಳು ಬಹಳ ಸಣ್ಣವು, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳೆಗೆ ಅದು ವರ, ಆಟಕ್ಕೆ ಕೆಸರು. ಆದ್ದರಿಂದ ಆಧುನಿಕ ಅಂಗಳಗಳಲ್ಲಿ ಹುಲ್ಲಿನ ಕೆಳಗೆ ಮರಳು ಹಾಸುತ್ತಾರೆ. ಮಳೆನೀರು ಬೇಗ ಇಳಿಯುತ್ತದೆ, ಆದರೆ ಬಿಸಿಲಾದರೆ ಪದೇ ಪದೇ ನೀರುಣಿಸಬೇಕು.

ಜಗತ್ತಿನಲ್ಲಿ ಇದಕ್ಕೆ ಎರಡು ದಾರಿ ಹುಡುಕಿದ್ದಾರೆ. 1998ರಲ್ಲಿ ತೆರೆದ ಪ್ಯಾರಿಸ್ಸಿನ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಕೆಳಗಿನ ಆಸನಗಳ ಸಾಲೇ ಹಿಂದೆ ಸರಿದು ಟ್ರ್ಯಾಕಿಗೆ ಜಾಗ ಬಿಡುತ್ತದೆ. ಮ್ಯೂನಿಕ್ಕಿನ ಬಯರ್ನ್ ತಂಡ 2005ರಲ್ಲಿ ಒಲಿಂಪಿಕ್ ಕ್ರೀಡಾಂಗಣ ಬಿಟ್ಟು ಫುಟ್‌ಬಾಲಿಗೆಂದೇ ಕಟ್ಟಿದ ಅಂಗಳಕ್ಕೆ ಹೋಯಿತು. ಎರಡಕ್ಕೂ ಬಹಳ ಹಣ ಬೇಕು. ಹಣವಿಲ್ಲದಲ್ಲಿ ಉಳಿಯುವುದು ಮೂರನೆಯದು: ವೇಳಾಪಟ್ಟಿ.

ಊರ ಶಾಲೆಯ ಬಯಲಿನಲ್ಲೂ ಕಬಡ್ಡಿ, ಖೋ ಖೋ, ಕ್ರಿಕೆಟ್ಟು ಎಲ್ಲಕ್ಕೂ ಒಂದೇ ಜಾಗ. ವಿದ್ಯಾರ್ಥಿಗಳು ಟೇಪು ಹಿಡಿದು ಅದನ್ನು ಅಳೆಯಲಿ, ಯಾವ ಆಟ ಎಲ್ಲಿ ಹಿಡಿಸುತ್ತದೆಂದು ಹಾಳೆಯ ಮೇಲೆ ಬರೆಯಲಿ. ಯಾವ ಆಟಕ್ಕೆ ಯಾವ ಹೊತ್ತು ಎಂಬುದನ್ನು ಹಿರಿಯರು ಅವರೊಡನೆ ಕೂತು ಗೊತ್ತು ಮಾಡಲಿ. ದೊಡ್ಡ ಹುಡುಗರ ಕ್ರಿಕೆಟ್ಟಿನ ನಡುವೆ ಖೋ ಖೋ ಆಡುವ ಹುಡುಗಿಯರಿಗೂ ಒಂದು ಗಂಟೆ ಸಿಕ್ಕೀತು.