ಹವಾ ಬದಲಾವಣೆ

ಒಂದು ಕಾಲದಲ್ಲಿ ಡಾಕ್ಟರರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: "ಸ್ವಲ್ಪ ದಿನ ಹವಾ ಬದಲಾವಣೆಗೆ ಹೋಗಿ ಬನ್ನಿ." ಟೈಫಾಯ್ಡ್ ಆಗಿ ಎದ್ದವರಿರಲಿ, ಬಾಣಂತನದಲ್ಲಿ ಸೊರಗಿದವರಿರಲಿ, ಔಷಧಿ ಚೀಟಿಯ ಕೊನೆಯ ಸಾಲು ಇದೇ. ಅನುಕೂಲ ಇದ್ದವರು ಪಂಚಗನಿಗೋ ಮಡಿಕೇರಿಗೋ ಹೋಗುತ್ತಿದ್ದರು, ಇಲ್ಲದವರು ಊರಿಗೆ, ಅಜ್ಜಿಯ ಮನೆಗೆ. ಈಗಿನ ಡಾಕ್ಟರರು ಸ್ಕ್ಯಾನ್ ರಿಪೋರ್ಟು ನೋಡಿ "ಎಲ್ಲಾ ನಾರ್ಮಲ್, ಇನ್ನು ಆರು ತಿಂಗಳು ಬಿಟ್ಟು ಬನ್ನಿ" ಎಂದು ಕಳುಹಿಸುತ್ತಾರೆ. ರಿಪೋರ್ಟು ನಾರ್ಮಲ್ ಆದ ಮಾತ್ರಕ್ಕೆ ಮನುಷ್ಯರೂ ನಾರ್ಮಲ್ ಆಗಿಬಿಡುತ್ತಾರೆಯೇ? ದೊಡ್ಡ ಕಾಯಿಲೆಯಿಂದ ಎದ್ದ ಯಾರನ್ನಾದರೂ ಕೇಳಿ ನೋಡಿ. ಕಾಯಿಲೆ ಹೋದ ಮೇಲೂ ಮನೆಯಲ್ಲಿ 'ರೋಗಿ' ಎಂಬ ಹೆಸರು ಬಹಳ ಕಾಲ ಉಳಿದುಕೊಂಡಿರುತ್ತದೆ.

ಹಾಗಾದರೆ ಹವಾ ಬದಲಾವಣೆಯಲ್ಲಿ ಬದಲಾಗುವುದು ನಿಜವಾಗಿ ಹವೆಯೇ, ಅಥವಾ ಬೇರೆ ಏನಾದರೂ ಇದೆಯೇ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಒಬ್ಬ ಹಳೆಯ ಲೇಖಕನ ಬದುಕಿನಲ್ಲಿ. 'ಟ್ರೆಷರ್ ಐಲೆಂಡ್' ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಶಾಲೆಯಲ್ಲಿ ಓದಿದ್ದೇವೆ, ಇಲ್ಲವೇ ಮಕ್ಕಳಿಗೆ ಓದಿಸಿದ್ದೇವೆ. ಅದನ್ನು ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ 1850ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ. ಅಜ್ಜ, ಅಪ್ಪ, ದೊಡ್ಡಪ್ಪ ಎಲ್ಲರೂ ಸಮುದ್ರದ ನಡುವೆ ದೀಪಸ್ತಂಭ ಕಟ್ಟುವ ಎಂಜಿನಿಯರರು. ಈ ಹುಡುಗನಿಗೆ ಮಾತ್ರ ಎಳವೆಯಿಂದಲೇ ಕೆಮ್ಮು, ಜ್ವರ, ನಿದ್ದೆಯಿಲ್ಲದ ರಾತ್ರಿಗಳು. ದೊಡ್ಡವನಾದ ಮೇಲೆ ಕೆಮ್ಮಿದರೆ ರಕ್ತ ಬೀಳತೊಡಗಿತು. ಕ್ಷಯಕ್ಕೆ ಮದ್ದೇ ಇಲ್ಲದ ಕಾಲ ಅದು. ಸ್ಟ್ರೆಪ್ಟೋಮೈಸಿನ್ ಬಂದದ್ದು 1940ರ ದಶಕದಲ್ಲಿ. ಆಗ ಇದ್ದ ಚಿಕಿತ್ಸೆ ಒಂದೇ, ಹವಾ ಬದಲಾವಣೆ. ಸ್ವಿಟ್ಜರ್‌ಲೆಂಡಿನ ದಾವೋಸ್ ಎಂಬ ಹಿಮದೂರು, ಫ್ರಾನ್ಸಿನ ದಕ್ಷಿಣ ತೀರ ಎಲ್ಲ ಆಯಿತು. ಎಲ್ಲಿಗೆ ಹೋದರೂ ಕಾಯಿಲೆ ಹಿಂದೆಯೇ ಬಂತು.

ಕೊನೆಗೆ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಮನೆ ಮಾಡಿದರು. 'ಜೆಕಿಲ್ ಅಂಡ್ ಹೈಡ್' ಎಂಬ ಪ್ರಸಿದ್ಧ ಕಥೆ ಬರೆದದ್ದು ಅಲ್ಲಿಯೇ, 1886ರಲ್ಲಿ ಅದು ಅಚ್ಚಾಯಿತು. ಹೆಸರು ಬಂತು, ಹಣವೂ ಬಂತು, ಆದರೆ ಬದುಕು ಕೋಣೆಯೊಳಗೆ. ಹೆಂಡತಿ ಫ್ಯಾನಿ ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅಮೆರಿಕದವಳು, ಗಟ್ಟಿಗಿತ್ತಿ. ನೆಗಡಿಯಾದವರನ್ನು ಗಂಡನ ಹತ್ತಿರ ಬಿಡುತ್ತಿರಲಿಲ್ಲ, ಸ್ನೇಹಿತರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸುತ್ತಿದ್ದಳು. ಅವರು ಮುನಿಸಿಕೊಂಡರೂ ಆಕೆಗೆ ಲೆಕ್ಕವಿಲ್ಲ. ರಕ್ತ ಬಿದ್ದ ದಿನಗಳಲ್ಲಿ ಮಾತನಾಡುವುದಕ್ಕೂ ನಿಷೇಧ, ಚೀಟಿಯಲ್ಲಿ ಬರೆದು ತೋರಿಸಬೇಕು. ಆಕೆ ಮಾಡಿದ್ದು ತಪ್ಪೆಂದು ಯಾರು ಹೇಳುತ್ತಾರೆ? ನಾವೂ ಅದನ್ನೇ ಮಾಡುತ್ತಿದ್ದೆವು. ಆದರೆ ಮೂವತ್ತೈದು ವರ್ಷದ ಗಂಡಸು ಗಾಜಿನ ಗೊಂಬೆಯಂತೆ ಬದುಕಿದ್ದ ಎಂಬುದೂ ನಿಜ.

1887ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಸಂಸಾರ ಸಮೇತ ಅಮೆರಿಕಕ್ಕೆ ಹೋಗಿ ಒಂದು ಚಳಿಗಾಲವನ್ನು ಸರನಾಕ್ ಎಂಬ ಬೆಟ್ಟದೂರಿನಲ್ಲಿ ಕಳೆದ. ಅಲ್ಲಿ ಒಬ್ಬ ಪ್ರಕಾಶಕರು, ದಕ್ಷಿಣ ಸಮುದ್ರದ ದ್ವೀಪಗಳ ಬಗ್ಗೆ ಪತ್ರಲೇಖನ ಬರೆದು ಕೊಟ್ಟರೆ ಹಣ ಕೊಡುವುದಾಗಿ ಹೇಳಿದರು. 1888ರ ಜೂನ್ 28ರಂದು ಕ್ಯಾಸ್ಕೋ ಎಂಬ ಹಾಯಿಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟೇಬಿಟ್ಟರು. ಹಡಗಿನಲ್ಲಿ ಯಾರು ಯಾರು ಇದ್ದರು ನೋಡಿ: ಕಾಯಿಲೆಯ ಮಗ, ಹಡಗು ಹತ್ತಿದರೆ ವಾಂತಿ ಶುರುವಾಗುವ ಸೊಸೆ, ಅವಳ ಮೊದಲ ಮದುವೆಯ ಮಗ, ಮತ್ತು ವಿಧವೆಯ ಬಿಳಿ ಟೊಪ್ಪಿ ತೊಟ್ಟ ತಾಯಿ. ಆ ತಾಯಿಗೆ ಆಗ ಐವತ್ತೊಂಬತ್ತು ವರ್ಷ. "ಇನ್ನು ನನ್ನದೇನಿದೆ, ರಾಮಾ ಕೃಷ್ಣಾ ಅಂದುಕೊಂಡು ಇದ್ದರಾಯಿತು" ಎನ್ನುವ ವಯಸ್ಸಿನಲ್ಲಿ ಆಕೆ ಪೆಸಿಫಿಕ್ ಸಾಗರ ದಾಟಿದರು. ಅಲ್ಲಿಂದ ತಂಗಿಗೆ ಬರೆದ ಪತ್ರಗಳು ಮುಂದೆ ಪುಸ್ತಕವಾಗಿಯೂ ಬಂದವು.

ಸರಿಯಾಗಿ ಒಂದು ತಿಂಗಳ ಮೇಲೆ, ಜುಲೈ 28ರಂದು, ಮಾರ್ಕೆಸಾಸ್ ದ್ವೀಪಗಳ ನುಕು ಹಿವಾ ಕಂಡಿತು. ಕೋಣೆ ಬಿಟ್ಟು ಹೊರಗೆ ಬಾರದಿದ್ದವನು ಈಗ ಬರಿಗಾಲಲ್ಲಿ ಡೆಕ್ಕಿನ ಮೇಲೆ ಓಡಾಡತೊಡಗಿದ. ಹಾಗೆಂದು ಇದು ಪವಾಡವಲ್ಲ. ಟಹೀಟಿ ತಲುಪುವಷ್ಟರಲ್ಲಿ ಮತ್ತೆ ಜ್ವರ, ಮತ್ತೆ ಎದೆನೋವು. ಟೌಟಿರಾ ಎಂಬ ಹಳ್ಳಿಗೆ ಅವನನ್ನು ಹೇಗೋ ಸಾಗಿಸಿದರು. ಅಲ್ಲಿ ಮೋಎ ಎಂಬ ರಾಜಮನೆತನದ ಹೆಂಗಸು, ಹಸಿ ಮೀನನ್ನು ತೆಂಗಿನ ಹಾಲು ಮತ್ತು ಲಿಂಬೆರಸದಲ್ಲಿ ನೆನೆಸಿದ ಪಥ್ಯ ಮಾಡಿ ತಾನೇ ತಂದು ಉಣಿಸಿದಳು. (ತೆಂಗಿನ ಹಾಲಿನ ಗುಣ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ!) ಊರಿನ ಮುಖಂಡ ಓರಿ ಇವರಿಗೆ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ಹಡಗಿನ ಕೂವೆಮರ ಒಳಗೇ ಕೊಳೆತದ್ದು ಗೊತ್ತಾಗಿ ರಿಪೇರಿಗೆ ಹೋಯಿತು. ಕಾಯುತ್ತ ಕಾಯುತ್ತ ಕೈಯ ಹಣವೂ ಮುಗಿಯಿತು. ಆಗ ಓರಿ, ನೀವು ನಮ್ಮವರೇ ಅಲ್ಲವೇ ಎಂದು ಇಡೀ ಸಂಸಾರಕ್ಕೆ ಅನ್ನ ಹಾಕಿದ.

ಈ ಓರಿ ಮತ್ತು ಸ್ಟೀವನ್ಸನ್ ಅಲ್ಲಿಯ ಪದ್ಧತಿಯಂತೆ ಹೆಸರು ಬದಲಾಯಿಸಿಕೊಂಡರು. ಅವನ ಹೆಸರು ಇವನಿಗೆ, ಇವನ ಹೆಸರು ಅವನಿಗೆ. ಆ ಭಾಷೆಯಲ್ಲಿ 'ಲ' ಅಕ್ಷರವಿಲ್ಲ, ಹಾಗಾಗಿ ಓರಿ 'ರೂಯಿ' ಆದ, ಲೂಯಿ 'ತೆರೀತೆರಾ' ಆದ. ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅನಿಸುತ್ತದೆ. ಬೋರ್ನ್‌ಮತ್‌ನಲ್ಲಿ ಲೂಯಿ ಎಂದರೆ ಕೆಮ್ಮುವವನು, ಕಾಪಾಡಬೇಕಾದವನು. ಟೌಟಿರಾದಲ್ಲಿ ತೆರೀತೆರಾ ಎಂದರೆ ಊರ ಮುಖಂಡನ ಅಣ್ಣತಮ್ಮ. ಬದಲಾದದ್ದು ಹವೆ ಮಾತ್ರವಲ್ಲ, ಹೆಸರೂ ಹೌದು.

ಮುಂದೆ ಹವಾಯಿಗೆ ಬಂದರು. ಅಲ್ಲಿ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳನ್ನು ಊರಿನಿಂದ ಬೇರ್ಪಡಿಸಿ ಇಟ್ಟಿದ್ದರು. ಅವರ ಸೇವೆ ಮಾಡುತ್ತ ತಾನೂ ಅದೇ ರೋಗ ಹತ್ತಿಸಿಕೊಂಡ ಫಾದರ್ ಡೇಮಿಯನ್ 1889ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಮೇ ತಿಂಗಳಲ್ಲಿ ಸ್ಟೀವನ್ಸನ್ ಅಲ್ಲಿಗೆ ಹೋಗಿ ಸುಮಾರು ಒಂದು ವಾರ ಇದ್ದ. ಅಲ್ಲಿಯ ಹೆಣ್ಣುಮಕ್ಕಳ ಜೊತೆ ಕ್ರೋಕೆ ಆಟ ಆಡಿದ, ಕೈಗವಸು ಹಾಕಿಕೊಳ್ಳಿ ಎಂದರೆ ಬೇಡವೆಂದ. ಆಮೇಲೆ ಆ ಮಕ್ಕಳಿಗೆ ಒಂದು ಪಿಯಾನೋ ಕಳುಹಿಸಿಕೊಟ್ಟ. ಜನ ತನ್ನ ಹತ್ತಿರ ಬರಲು ಹೆದರಿದರೆ ಹೇಗಿರುತ್ತದೆ, ಬೇರೆಯಾಗಿ ಕೂತಿರುವುದು ಹೇಗಿರುತ್ತದೆ ಎಂಬುದನ್ನು ಬಲ್ಲವನೇ ಹಾಗೆ ಮಾಡಲು ಸಾಧ್ಯ.

1889ರ ಡಿಸೆಂಬರ್‌ನಲ್ಲಿ ಸಮೋವಾ ತಲುಪಿ, ಮುಂದಿನ ತಿಂಗಳು ಬೆಟ್ಟದ ತಪ್ಪಲಲ್ಲಿ ಮುನ್ನೂರು ಎಕರೆಗಿಂತ ಹೆಚ್ಚು ಕಾಡುಭೂಮಿ ಕೊಂಡರು. ಇನ್ನೇನು ಗುಣವಾಯಿತಲ್ಲ, ಒಮ್ಮೆ ಊರಿಗೆ ಹೋಗಿ ಬರೋಣವೆಂದು ಆಸ್ಟ್ರೇಲಿಯಾದ ಸಿಡ್ನಿಗೆ ಬಂದರೆ, ಮತ್ತೆ ಹಾಸಿಗೆ ಹಿಡಿದ. ಚಳಿನಾಡಿಗೆ ಇನ್ನು ಹಿಂದಿರುಗುವಂತಿಲ್ಲ ಎಂಬುದು ಖಚಿತವಾಯಿತು. ಹುಟ್ಟೂರನ್ನು ಮತ್ತೆ ನೋಡಲೇ ಇಲ್ಲ. ಗುಣವಾಗುವುದಕ್ಕೂ ಒಂದು ಬೆಲೆ ಇರುತ್ತದೆ. ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಅಲ್ಲಿ ವೈಲಿಮಾ ಎಂಬ ಮನೆ ಕಟ್ಟಿದರು. ಕಳೆ ಕಿತ್ತ, ಕುದುರೆ ಏರಿ ಓಡಾಡಿದ, ಬೆಳಗಿನ ಜಾವದಿಂದ ಬರೆದ. ಜನ ಅವನನ್ನು 'ಟುಸಿಟಾಲ' ಎಂದರು, ಅಂದರೆ ಕಥೆ ಹೇಳುವವನು. ಬ್ರಿಟನ್, ಜರ್ಮನಿ, ಅಮೆರಿಕ ಮೂರೂ ಸೇರಿ ಆ ಪುಟ್ಟ ನಾಡನ್ನು ಎಳೆದಾಡುತ್ತಿದ್ದುದನ್ನು ನೋಡಲಾರದೆ 1892ರಲ್ಲಿ ಒಂದು ಪುಸ್ತಕವನ್ನೇ ಬರೆದ. 1893ರ ಯುದ್ಧದಲ್ಲಿ ಸೋತ ಪಂಗಡದ ಮುಖಂಡರು ಸೆರೆಮನೆಯಲ್ಲಿದ್ದಾಗ ಅವರಿಗೆ ಊಟ ಕೊಟ್ಟು ನೋಡಿಕೊಂಡ. ಬಿಡುಗಡೆಯಾದ ಮೇಲೆ ಅವರೆಲ್ಲ ಸೇರಿ, ತಾವೇ ಗುದ್ದಲಿ ಹಿಡಿದು, ಅವನ ಮನೆಗೆ ಒಂದು ರಸ್ತೆ ಮಾಡಿಕೊಟ್ಟರು. ಅದರ ಹೆಸರು 'ಪ್ರೀತಿಯ ಹೃದಯಗಳ ದಾರಿ'. ಇಡೀ ಬದುಕು ಇನ್ನೊಬ್ಬರ ಆರೈಕೆಯಲ್ಲಿ ಕಳೆದವನು ಕೊನೆಯ ವರ್ಷಗಳಲ್ಲಿ ಇನ್ನೊಬ್ಬರಿಗೆ ಆಸರೆಯಾದ.

ಆದರೆ ಕಥೆ ಇಲ್ಲಿಗೆ ಮುಗಿದರೆ ಗೃಹಿಣಿಯಾದ ನನಗೆ ಸಮಾಧಾನವಿಲ್ಲ. ಫ್ಯಾನಿಯ ಗತಿಯೇನು? ಸಮುದ್ರವೆಂದರೆ ಆಗದವಳು ವರ್ಷಗಟ್ಟಲೆ ಹಡಗುಗಳಲ್ಲಿ ನರಳಿದಳು. ಸಮೋವಾದಲ್ಲಿ ತೋಟವೆಲ್ಲ ಅವಳದೇ ದುಡಿಮೆ. ಗಂಡ ಒಮ್ಮೆ, ನಿನ್ನದು ರೈತರ ಜೀವ, ಕಲಾವಿದರದ್ದಲ್ಲ ಎಂಬರ್ಥದ ಮಾತು ಹೇಳಿದ. ಅದು ಅವಳಿಗೆ ನಾಟಿತು, ಡೈರಿಯಲ್ಲಿ ಬರೆದಿಟ್ಟಳು. 1893ರಲ್ಲಿ ಆಕೆಯ ಮನಸ್ಸಿನ ಆರೋಗ್ಯವೇ ಕೆಟ್ಟಿತು. ಈಗ ಮಂಚದ ಪಕ್ಕದಲ್ಲಿ ಕೂರುವ ಸರದಿ ಗಂಡನದಾಯಿತು. ಶುಶ್ರೂಷೆ ಮಾಡುವವರೂ ದಣಿಯುತ್ತಾರೆ, ಅವರಿಗೂ ಒಂದು ಹವಾ ಬದಲಾವಣೆ ಬೇಕು ಎಂಬುದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ.

1894ರ ಡಿಸೆಂಬರ್ 3ರ ಸಂಜೆ ಸ್ಟೀವನ್ಸನ್ ಅಡಿಗೆಗೆ ಹೆಂಡತಿಗೆ ನೆರವಾಗುತ್ತ ನಿಂತಿದ್ದ. ಒಮ್ಮೆಲೇ ಕುಸಿದ, ರಾತ್ರಿ ಪ್ರಾಣ ಹೋಯಿತು. ವಯಸ್ಸು ನಲವತ್ತನಾಲ್ಕು. ಜೀವಮಾನವೆಲ್ಲ ಹೆದರಿಸಿದ ಶ್ವಾಸಕೋಶ ಅವನನ್ನು ಕೊಂಡೊಯ್ಯಲಿಲ್ಲ, ಮೆದುಳಿನ ರಕ್ತಸ್ರಾವವಾಗಿತ್ತು. ಸಮೋವಾದ ಜನ ಹಗಲು ರಾತ್ರಿಯೆನ್ನದೆ ವಾಯಾ ಬೆಟ್ಟದ ತುದಿಯವರೆಗೆ ಕಾಡು ಕಡಿದು ದಾರಿ ಮಾಡಿ, ಹೆಗಲ ಮೇಲೆ ಹೊತ್ತೊಯ್ದು ಮಣ್ಣು ಮಾಡಿದರು. 1914ರಲ್ಲಿ ಅಮೆರಿಕದಲ್ಲಿ ತೀರಿಕೊಂಡ ಫ್ಯಾನಿಯ ಅಸ್ಥಿಯೂ ಮರುವರ್ಷ ಅದೇ ಬೆಟ್ಟಕ್ಕೆ ಬಂತು.

ಇದನ್ನು ಓದಿ ಯಾರೂ ಮಾತ್ರೆ ಬಿಟ್ಟು ದ್ವೀಪಕ್ಕೆ ಹೊರಡಬೇಡಿ! ಅವನ ಕಾಲದಲ್ಲಿ ಔಷಧಿ ಇರಲಿಲ್ಲ, ನಮಗೆ ಇದೆ. ಔಷಧಿ ಮುಗಿದ ಮೇಲಿನ ಮಾತು ಇದು. ನನ್ನದೇ ಹೇಳುವುದಾದರೆ, ದೊಡ್ಡ ಆಪರೇಷನ್ ಆಗಿ ವರ್ಷ ಕಳೆದರೂ ಮನೆಯಲ್ಲಿ ನೀರಿನ ಕೊಡ ಮುಟ್ಟಿದರೆ ನಾಲ್ಕು ಕಡೆಯಿಂದ "ನೀನು ಬಿಡು, ನೀನು ಬಿಡು" ಎಂಬ ಕೂಗು. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೂ ದಿನಕ್ಕೆ ಹತ್ತು ಸಲ ಕೇಳಿದರೆ, ತನ್ನಿಂದ ಇನ್ನು ಏನೂ ಆಗದು ಎಂದು ಮನಸ್ಸು ನಂಬಿಬಿಡುತ್ತದೆ. ಊರಿಗೆ ಹೋದಾಗ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣಿದು ಕಂಬಕಂಬವಾಗಿ ನಿಂತ ಕಲ್ಲುಗಳು, ತೆಂಗಿನ ಮರಗಳು, ಸುತ್ತ ನೀರು. ಇಳಿಯುವಾಗ ದೋಣಿಯವನು ಒಂದು ಅಳುವ ಮಗುವನ್ನು ನನ್ನ ಕೈಗೆ ಕೊಟ್ಟು, "ಅಕ್ಕಾ, ಇದನ್ನು ಸ್ವಲ್ಪ ಹಿಡ್ಕೊಳ್ಳಿ, ಅವರಮ್ಮ ಇಳೀಲಿ" ಎಂದ. ನನ್ನ ಆಪರೇಷನ್ ವಿಷಯ ಅವನಿಗೇನು ಗೊತ್ತು! ಭಾರವಾದ ಮಗು. ಹಿಡಿದುಕೊಂಡೆ. ಆಪರೇಷನ್ ಆದ ಮೇಲೆ ನನ್ನನ್ನು ನಂಬಿ ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

ಸಮೋವಾ ನಮಗೆ ದೂರ. ಮುಂಬಯಿಯವರಿಗೆ ಗೇಟ್‌ವೇಯಿಂದ ಘಾರಾಪುರಿಗೆ ಲಾಂಚಿನಲ್ಲಿ ಸುಮಾರು ಒಂದು ಗಂಟೆ. ಗುಹೆಯವರೆಗಿನ ಮೆಟ್ಟಿಲು ಹತ್ತಲಾಗದಿದ್ದರೆ ಕೆಳಗೆ ಕೂತು ಸಮುದ್ರ ನೋಡಿದರೂ ಸಾಕು. ಡಾಕ್ಟರರನ್ನು ಕೇಳಿ, ಮಳೆಗಾಲ ಕಳೆದ ಮೇಲೆ ಹೊರಡಿ. ಮನೆಯಲ್ಲಿ ಕಾಯಿಲೆಯಿಂದ ಎದ್ದವರಿದ್ದರೆ ಅವರನ್ನು ಕರೆದುಕೊಂಡು ಹೋಗಿ, ಅವರ ಕೈಗೂ ಒಂದು ಚೀಲ ಕೊಡಿ. ಅವರ ಹಾಸಿಗೆಯ ಪಕ್ಕ ರಾತ್ರಿಗಟ್ಟಲೆ ಎದ್ದು ಕೂತವರು ಯಾರೋ ಅವರ ಕೈಯ ಚೀಲವನ್ನು ಮಾತ್ರ ಆ ಒಂದು ದಿನ ನೀವು ಹಿಡಿದುಕೊಳ್ಳಿ.