ರೂಟರ್ ಆಫ್ ಮಾಡೋ ಮುಂಚೆ ಒಂದು ಪ್ರಶ್ನೆ

ವೈಫೈ ಹೋದ್ರೆ ನಾವೆಲ್ಲ ಮಾಡೋದು ಎರಡೇ ಕೆಲಸ. ಒಂದು, ರೂಟರ್ ಆಫ್ ಮಾಡಿ ಆನ್ ಮಾಡೋದು. ಎರಡು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬೈಯೋದು. ಇಂಜಿನಿಯರಿಂಗ್ ಓದೋ ನಾವು ಇಷ್ಟಕ್ಕೇ ನಿಲ್ಲಿಸೋದು ತಪ್ಪು ಅಂತ ನನ್ನ ಅಭಿಪ್ರಾಯ. ನಾನೇ ಆ ತಪ್ಪು ಮಾಡಿದ್ದೀನಿ, ಅದಕ್ಕೇ ಬರೀತಿದ್ದೀನಿ.

ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರದ ಒಂದು ಗಲ್ಲಿಯಲ್ಲಿ. ಎರಡನೇ ಮಹಡಿ, ಬಾಡಿಗೆ ಮನೆ. ಕಿಟಕಿಯಿಂದ ಕೈ ಚಾಚಿದ್ರೆ ಪಕ್ಕದ ಮನೆ ಗೋಡೆ ಸಿಗುತ್ತೆ. ಹೋದ ಸೆಮಿಸ್ಟರ್‌ನಲ್ಲಿ ಒಂದು ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಟೆಸ್ಟ್ ಇತ್ತು. ನಲವತ್ತನೇ ನಿಮಿಷಕ್ಕೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕಟ್ ಆಯ್ತು. ಮತ್ತೆ ಕನೆಕ್ಟ್ ಆಗೋ ಹೊತ್ತಿಗೆ ಟೆಸ್ಟ್ ಲಾಗ್‌ಔಟ್ ಆಗಿತ್ತು. ಇಂಟರ್ನ್‌ಶಿಪ್ ಹೋಯ್ತು.

ಸಿಟ್ಟೆಲ್ಲ ಲೈನ್ ನೋಡೋ ಅಣ್ಣನ ಮೇಲೆ ತೀರಿಸಿಕೊಂಡೆ. ಒಂದೇ ವಾರದಲ್ಲಿ ಮೂರು ಕಂಪ್ಲೇಂಟ್ ಕೊಟ್ಟೆ. ಮೂರು ಸಲವೂ ಅವರು ಮೆಟ್ಟಿಲು ಹತ್ತಿ ಬಂದ್ರು. ರೂಟರ್ ಪಕ್ಕ ನಿಂತು ತಮ್ಮ ಫೋನಲ್ಲಿ ನೋಡಿದ್ರೆ ಎಲ್ಲ ಸರಿ. ಮೂರನೇ ಸಲ ಮೆಟ್ಟಿಲ ಮೇಲೇ ಕೂಗಾಡಿದೆ. "ನಮ್ಮ ಕಡೆ ಲೈನ್ ಸರಿ ಇದೆ ಸರ್. ಕಂಪ್ಲೇಂಟ್ ಕ್ಲೋಸ್ ಆಗಲಿಲ್ಲ ಅಂದ್ರೆ ನನ್ನನ್ನೇ ಕೇಳ್ತಾರೆ" ಅಂದ್ರು, ಅಷ್ಟೇ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನ್ನನ್ನ ಸರ್ ಅಂತಿದ್ರು.

ಕೆಳಗಿನ ಮನೆಯ ಓನರ್ ಅಜ್ಜಿಗೆ ಇದೆಲ್ಲ ಕೇಳಿಸಿತ್ತು. ಸಂಜೆ ಕರೆದ್ರು. "ಆ ಹುಡುಗನಿಗೆ ಯಾಕಪ್ಪಾ ಅಷ್ಟು ಬೈದೆ? ತಪ್ಪು ಎಲ್ಲಿದೆ ಅಂತ ನಿನಗೆ ಗೊತ್ತಾ?"

"ಕನೆಕ್ಟಿವಿಟಿ ಇಶ್ಯೂ ಅಜ್ಜಿ."

"ಅಂದ್ರೆ?"

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಪದ ಹೊಳೀತಿಲ್ಲ, ಅದಕ್ಕೇ ತಡವರಿಸ್ತಿದ್ದೀನಿ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಇಂಗ್ಲಿಷಲ್ಲೂ ನನ್ನ ಹತ್ರ ಉತ್ತರ ಇರಲಿಲ್ಲ. ದಾರಿ ತೋರಿಸಿದ್ದು ಅಜ್ಜಿಯೇ. "ನಲ್ಲೀಲಿ ನೀರು ಬರದಿದ್ರೆ ಮೊದಲು ನೀರು ಬಿಡೋನಿಗೆ ಬೈತೀವಾ? ಮೇಲಿನ ಟ್ಯಾಂಕ್ ನೋಡ್ತೀವಿ, ಆಮೇಲೆ ಸಂಪ್ ನೋಡ್ತೀವಿ. ಸಂಪೂ ಖಾಲಿ ಅಂದ್ರೆ ತಾನೇ ಕಾವೇರಿ ನೀರು ಬಂದಿಲ್ಲ ಅನ್ನೋದು?"

ವೈಫೈಗೂ ಇದೇ ಲೆಕ್ಕ. ಮೊದಲು ನಲ್ಲಿ, ಅಂದ್ರೆ ನಿಮ್ಮ ಲ್ಯಾಪ್‌ಟಾಪ್. ಅದೇ ಜಾಗದಲ್ಲಿ, ಅದೇ ವೈಫೈಗೆ ಫೋನ್ ಕನೆಕ್ಟ್ ಮಾಡಿ ನೋಡಿ. ಫೋನಲ್ಲಿ ಬಂದು ಲ್ಯಾಪ್‌ಟಾಪಲ್ಲಿ ಬರದಿದ್ರೆ ಹೆಚ್ಚಾಗಿ ತಪ್ಪು ಲ್ಯಾಪ್‌ಟಾಪ್‌ದೇ: ಡ್ರೈವರ್, ಏರೋಪ್ಲೇನ್ ಮೋಡ್, ಇಲ್ಲಾ ಬ್ಯಾಟರಿ ಉಳಿಸೋಕೆ ವಿಂಡೋಸ್ ವೈಫೈ ಕಾರ್ಡನ್ನೇ ಮಲಗಿಸೋ ಸೆಟ್ಟಿಂಗ್.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ ಕೊಡಿ. ಐಪಿ ವಿಳಾಸ 169.254 ಅಂತ ಶುರುವಾದ್ರೆ ರೂಟರ್‌ನಿಂದ ನಿಮಗೆ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ವಿಳಾಸ ಸರಿ ಇದ್ರೆ ಅಲ್ಲೇ ಡೀಫಾಲ್ಟ್ ಗೇಟ್‌ವೇ ಅಂತ ಒಂದು ನಂಬರ್ ಇರುತ್ತೆ, ಸಾಮಾನ್ಯವಾಗಿ 192.168.1.1 ಥರದ್ದು. ಅದು ನಿಮ್ಮ ರೂಟರ್. ಅದಕ್ಕೆ ಪಿಂಗ್ ಮಾಡಿ. ಉತ್ತರ ಬರದಿದ್ರೆ, ಇಲ್ಲಾ ಬಿಟ್ಟು ಬಿಟ್ಟು ಬಂದ್ರೆ, ತೊಂದರೆ ನಿಮ್ಮ ಮನೆಯೊಳಗೇ ಇದೆ. ಅದು ಸರಿ ಇದ್ರೆ 8.8.8.8ಕ್ಕೆ ಪಿಂಗ್ ಮಾಡಿ. ರೂಟರ್ ಉತ್ತರ ಕೊಟ್ಟು ಇದು ಕೊಡದಿದ್ರೆ ಹೊರಗಿನ ಲೈನ್ ಮೇಲೆ ಅನುಮಾನ. ಇದೂ ಉತ್ತರ ಕೊಟ್ಟು ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ ಡಿಎನ್‌ಎಸ್ ನೋಡಿ, ಅಂದ್ರೆ ಹೆಸರನ್ನ ನಂಬರ್‌ಗೆ ಬದಲಿಸೋ ವ್ಯವಸ್ಥೆ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಅವತ್ತು ರಾತ್ರಿ ನಾನು ಇದನ್ನ ಮಾಡಿದೆ. 20 ಅಡಿ ದೂರದ ನಮ್ಮದೇ ರೂಟರ್‌ಗೆ ಪಿಂಗ್ ಮಾಡಿದ್ರೆ ನಾಲ್ಕರಲ್ಲಿ ಎರಡು ಮಾಯ. ಲ್ಯಾನ್ ಕೇಬಲ್ ಚುಚ್ಚಿದೆ, ಒಂದೂ ಹೋಗಲಿಲ್ಲ. ಅಂದ್ರೆ ಲೈನ್ ನಿರಪರಾಧಿ. ಮೂರು ಸಲ ಆ ಅಣ್ಣ ಹೇಳಿದ್ದು ನಿಜ.

ಹಾಗಾದ್ರೆ ಏನಾಗಿತ್ತು? ನನ್ನದು ಹಳೇ ಲ್ಯಾಪ್‌ಟಾಪ್, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತೆ. ಅವರ ಫೋನ್ 5 ಗಿಗಾಹರ್ಟ್ಸ್‌ನಲ್ಲಿತ್ತು, ಅದೂ ರೂಟರ್ ಪಕ್ಕದಲ್ಲೇ. ನಮ್ಮ ದೇಶದಲ್ಲಿ 2.4ರ ಈ ಪಟ್ಟಿಯನ್ನ ಲೈಸೆನ್ಸ್ ಇಲ್ಲದೆ ಬಳಸಬಹುದು. ರಸ್ತೆ ಇದ್ದ ಹಾಗೆ, ಯಾರು ಬೇಕಾದ್ರೂ ಓಡಾಡಬಹುದು. ವೈಫೈ, ಬ್ಲೂಟೂತ್ ಎಲ್ಲ ಅಲ್ಲೇ, ಮೈಕ್ರೋವೇವ್ ಒಲೆಯ ಗಲಾಟೆಯೂ ಅಲ್ಲೇ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಫೋನಲ್ಲಿ ವೈಫೈ ಅನಲೈಸರ್ ಹಾಕಿ ನೋಡಿದ್ರೆ ನನ್ನ ರೂಮಲ್ಲಿ ಇಪ್ಪತ್ತಕ್ಕೂ ಹೆಚ್ಚು ನೆಟ್‌ವರ್ಕ್, ಅರ್ಧಕ್ಕರ್ಧ ಚಾನೆಲ್ 6ರಲ್ಲಿ. ನಮ್ಮದೂ ಅಲ್ಲೇ. ಬೆಳಿಗ್ಗೆ ಹಲಸೂರು ಮಾರ್ಕೆಟ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂಗ್ತಿರುವಾಗ ಪಿಸುಗುಟ್ಟಿದ ಹಾಗೆ. ಟಿವಿ ಹಿಂದೆ ಇದ್ದ ರೂಟರನ್ನ ಮೇಲಿನ ಶೆಲ್ಫ್‌ಗೆ ಇಟ್ಟೆ, ಚಾನೆಲ್ 1ಕ್ಕೆ ಬದಲಿಸಿದೆ. ಪಿಂಗ್ ಬೀಳೋದು ನಿಂತೇ ಹೋಯ್ತು.

"ರೀಸ್ಟಾರ್ಟ್ ಮಾಡಿದ್ರೂ ಸರಿ ಹೋಗುತ್ತಲ್ಲ ಗುರು, ಇಷ್ಟೆಲ್ಲ ಯಾಕೆ?" ಅಂತ ಫ್ರೆಂಡ್ಸ್ ಕೇಳ್ತಾರೆ. ಹೋಗುತ್ತೆ, ನಿಜ. ಆನ್ ಆಗುವಾಗ ಎಷ್ಟೋ ರೂಟರ್‌ಗಳು ಹೊಸದಾಗಿ ಚಾನೆಲ್ ಆರಿಸಿಕೊಳ್ಳುತ್ತವೆ, ಹೊಸ ಐಪಿಯೂ ಸಿಗುತ್ತೆ. ಆದ್ರೆ ತಪ್ಪು ಎಲ್ಲಿತ್ತು ಅನ್ನೋ ಸಾಕ್ಷಿಯೂ ಅದರ ಜೊತೆ ಅಳಿಸಿ ಹೋಗುತ್ತೆ. ನಾಳೆ ಅದೇ ತೊಂದರೆ ಮತ್ತೆ ಬರುತ್ತೆ, ನಿಮ್ಮ ಟೆಸ್ಟ್ ಮಧ್ಯದಲ್ಲೇ. ರೀಸ್ಟಾರ್ಟ್ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮೊದಲು ಎರಡು ಪಿಂಗ್ ಮಾಡಿ, ಆಮೇಲೆ ಆಫ್ ಮಾಡಿ.

ಕಂಪ್ಲೇಂಟ್ ಕೊಡಬೇಡಿ ಅಂತಲೂ ಅಲ್ಲ. ದುಡ್ಡು ಕೊಡ್ತೀವಿ, ಕೇಳೋ ಹಕ್ಕಿದೆ. ಆದ್ರೆ ಎಲ್ಲಿ ಕೆಟ್ಟಿದೆ ಅಂತ ನೋಡದೆ ಕೊಡೋ ದೂರು ಕಂಪನಿಗೆ ತಾಗೋಲ್ಲ. ಬಿಸಿಲಲ್ಲಿ ಬೈಕ್ ಓಡಿಸಿ ಬರೋ ಒಬ್ಬ ಮನುಷ್ಯನಿಗೆ ತಾಗುತ್ತೆ.

ಮರುದಿನ ಫೋನ್ ಮಾಡಿ ಆ ಅಣ್ಣನಿಗೆ ಸಾರಿ ಹೇಳಿದೆ. "ಪರವಾಗಿಲ್ಲ ಬಿಡಿ" ಅಂದ್ರು. ಒಂದು ತಿಂಗಳಾದ ಮೇಲೆ ನಿಜವಾಗಲೂ ಲೈನ್ ಹೋಯ್ತು. ಈ ಸಲ ಫೋನ್ ಮಾಡಿ, "ಅಣ್ಣಾ, ರೂಟರ್ ಪಿಂಗ್ ಆಗ್ತಿದೆ, ಹೊರಗೆ ಹೋಗ್ತಿಲ್ಲ, ಎಲ್‌ಒಎಸ್ ಲೈಟ್ ಕೆಂಪಗಿದೆ" ಅಂದೆ. "ಹಾಗಾದ್ರೆ ಫೈಬರ್ ಕಟ್ ಆಗಿರುತ್ತೆ, ಜಾಯಿಂಟ್ ಮಾಡೋ ಮೆಷಿನ್ ತಗೊಂಡೇ ಬರ್ತೀನಿ" ಅಂದ್ರು. ಒಂದೇ ಸಲ ಬಂದ್ರು, ಸರಿ ಮಾಡಿ ಹೋದ್ರು. ಕೆಳಗೆ ಅಜ್ಜಿ ಕೇಳಿದ್ರು, "ಈ ಸಲ ಎಲ್ಲಿ ಕೆಟ್ಟಿತ್ತು?"

"ಕಾವೇರಿ ನೀರೇ ಬಂದಿರಲಿಲ್ಲ ಅಜ್ಜಿ" ಅಂದೆ.