ಕನಿಕರ ಸಾಕು, ಕೆಲಸ ಕೊಡಲಿ!

ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ತರುಣನನ್ನು ಕಂಡರೆ ಪೇಟೆಬೀದಿಯಲ್ಲಿ ಒಂದೇ ಮಾತು: ‘ಅಯ್ಯೋ ಪಾಪ, ಅವನಿಗೇನು ಗೊತ್ತಾಗುತ್ತೆ?’ ಅವನಿಗೆ ಏನು ಗೊತ್ತಿದೆ ಎಂದು ಕೇಳುವವರೇ ಇಲ್ಲ.

ಶಾಲೆ ಇರುವ ತನಕ ಹೇಗೋ ನಡೆಯುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಆಮೇಲೆ? ಮನೆಯ ಜಗಲಿ, ಇಲ್ಲವೇ ಟಿ.ವಿ. ಮುಂದೆ. ತಾವು ಕಣ್ಣುಮುಚ್ಚಿದ ಮೇಲೆ ಇವರ ಗತಿಯೇನು ಎಂಬುದು ಹೆತ್ತವರ ಚಿಂತೆ.

ಸರ್ಕಾರ ಕಣ್ಣುಬಿಟ್ಟದ್ದೂ ತಡವಾಗಿಯೇ. 1995ರ ಕಾಯ್ದೆ ಬುದ್ಧಿಮಾಂದ್ಯರನ್ನು ಅಂಗವಿಕಲರೆಂದು ಒಪ್ಪಿತೇ ಹೊರತು ಸರ್ಕಾರಿ ನೌಕರಿಯ ಶೇ. 3 ಮೀಸಲಾತಿಯಲ್ಲಿ ಪಾಲು ಕೊಡಲಿಲ್ಲ. ಆಟಿಸಂ ಎಂಬ ಹೆಸರೇ ಅದರಲ್ಲಿರಲಿಲ್ಲ. 2016ರ ಕಾಯ್ದೆ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿ, ಇಂಥವರನ್ನೂ ಒಳಗೆ ಸೇರಿಸಿತು. ಆದರೆ ಸರ್ಕಾರಿ ನೌಕರಿ ಎಷ್ಟು ಮಂದಿಗೆ ಸಿಕ್ಕೀತು? ಅನ್ನ ಹುಟ್ಟುವುದು ಪೇಟೆಯಲ್ಲೇ.

ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿ ಪೊಟ್ಟಣ ಕಟ್ಟಬೇಕು. ಜವಳಿ ಅಂಗಡಿಯಲ್ಲಿ ಬಿಚ್ಚಿದ ಸೀರೆ ಮಡಿಸಿ ಜೋಡಿಸಬೇಕು. ಇಂಥ ಕೆಲಸಕ್ಕೆ ಎಷ್ಟೋ ಆಳುಗಳು ಅರ್ಧ ಗಂಟೆಗೇ ಬೇಸತ್ತು ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ. ಆಟಿಸಂ ಇರುವ ಹಲವರಿಗೆ ದಿನಾ ಒಂದೇ ಕ್ರಮದಲ್ಲಿ ಕೆಲಸ ಮಾಡುವುದೇ ನೆಮ್ಮದಿ; ಒಂದು ಡಬ್ಬ ಜಾಗ ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಹಾಗೇ ಎಂದಲ್ಲ. ಇನ್ನೊಬ್ಬರಿಗೆ ಗಿರಾಕಿಯನ್ನು ನಗುಮುಖದಿಂದ ಮಾತಾಡಿಸುವುದೇ ಬಲ. ಯಾರಿಗೆ ಯಾವುದು ಒಗ್ಗುತ್ತದೆಂದು ನೋಡುವ ತಾಳ್ಮೆ ಬೇಕು, ಅಷ್ಟೆ.

ಇದು ಬರೀ ಬಾಯಿಮಾತಲ್ಲ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಶುರುವಾದ ‘ಮಿಟ್ಟಿ ಕೆಫೆ’ಯನ್ನು ನಡೆಸಿದವರು ಅಂಗವಿಕಲರೇ, ಬೌದ್ಧಿಕ ಅಂಗವೈಕಲ್ಯ ಉಳ್ಳವರೂ ಅವರಲ್ಲಿದ್ದಾರೆ. 2023ರಲ್ಲಿ ಅದೇ ಕೆಫೆ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ಬಾಗಿಲು ತೆರೆಯಿತು. ಹುಬ್ಬಳ್ಳಿಯಲ್ಲಿ ಆದದ್ದು ಬೇರೆ ಊರುಗಳಲ್ಲಿ ಆಗದೇ?

ಪ್ರಯಾಣಿಕರ ಪಾಲೂ ಇದೆ. ಕೆಲಸಕ್ಕೆ ಹೊರಟ ಹುಡುಗಿ ಊರಿನ ಹೆಸರು ಹೇಳಲು ತಡವರಿಸಿದಳೆಂದು ಕಂಡಕ್ಟರ್ ಗದರಿದರೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರೆ, ಮರುದಿನ ಅವಳು ಬಸ್ ಹತ್ತುತ್ತಾಳೆಯೇ?

ವರ್ತಕರು ಕೆಲಸವನ್ನು ಹಂತಹಂತವಾಗಿ ಮಾಡಿ ತೋರಿಸಲಿ. ದುಡಿದದ್ದಕ್ಕೆ ಪೂರ್ತಿ ಸಂಬಳ ಕೊಡಲಿ. ಚಹಾ-ಬನ್ ಕೊಟ್ಟು ದುಡಿಸಿಕೊಂಡರೆ ಅದು ಉಪಕಾರವಲ್ಲ, ಸುಲಿಗೆ. ದಸರಾ, ದೀಪಾವಳಿ ಬಂದರೆ ಪ್ರತಿ ಅಂಗಡಿಗೂ ಹೆಚ್ಚಿನ ಕೈ ಬೇಕೇ ಬೇಕು. ಅದರಲ್ಲಿ ಎರಡು ಕೈ ಇವರದಾಗಲಿ.